ಕುರ್ಚಿಗೆ ಮುನ್ನ ಒಂದು ವಿಚಾರಣೆ

1980ರ ಮೇ ತಿಂಗಳಲ್ಲಿ ವೇಲ್ಸ್‌ನ ಹಿರಿಯ ರಾಜಕಾರಣಿಯೊಬ್ಬರು ತಮ್ಮ ಉಪವಾಸಕ್ಕೆ ದಿನ ಗೊತ್ತುಮಾಡಿದರು: ಅಕ್ಟೋಬರ್ 6. ಅಷ್ಟರೊಳಗೆ ಬ್ರಿಟಿಷ್ ಸರ್ಕಾರ ವೆಲ್ಷ್ ಭಾಷೆಗೆ ಪ್ರತ್ಯೇಕ ಟೆಲಿವಿಷನ್ ವಾಹಿನಿ ಕೊಡುವ ತನ್ನ ಮಾತಿಗೆ ಮರಳದಿದ್ದರೆ ಅಂದಿನಿಂದ ಅನ್ನ ಬಿಡುವುದು, ಸಾವು ಬಂದರೆ ಬರಲಿ ಎಂಬುದು ಅವರ ತೀರ್ಮಾನ. ಅವರ ಹೆಸರು ಗ್ವಿನ್ವೋರ್ ಇವಾನ್ಸ್. ವೆಲ್ಷ್ ರಾಷ್ಟ್ರೀಯ ಪಕ್ಷವಾದ ಪ್ಲೈಡ್ ಕಮ್ರಿಯ ಅಧ್ಯಕ್ಷರು. 1966ರ ಉಪಚುನಾವಣೆಯಲ್ಲಿ ಗೆದ್ದು ಆ ಪಕ್ಷದ ಮೊದಲ ಸಂಸದರಾದವರು, 1979ರಲ್ಲಿ ಸೋತು ಮನೆಗೆ ಮರಳಿದ್ದರು. ಸರ್ಕಾರ ಸೆಪ್ಟೆಂಬರ್ 17ರಂದು ಮಣಿಯಿತು. ಉಪವಾಸ ಶುರುವಾಗಲೇ ಇಲ್ಲ.

ಹೀಗೆ ಹುಟ್ಟಿದ ವಾಹಿನಿಯ ಹೆಸರು ಎಸ್‌4ಸಿ. ವೆಲ್ಷ್‌ನಲ್ಲಿ ‘ಸಿಯಾನೆಲ್ ಪೆದ್ವಾರ್ ಕಮ್ರಿ’, ಎಂದರೆ ವೇಲ್ಸ್‌ನ ನಾಲ್ಕನೇ ವಾಹಿನಿ. ಭಾಷಾ ಚಳವಳಿಗಳ ಇತಿಹಾಸ ಓದುವ ನಮ್ಮಂಥವರಿಗೆ ಈ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಹಟ ಹಿಡಿದರು, ಗೆದ್ದರು, ಶುಭಂ. ಆದರೆ ಗೆದ್ದ ಮೇಲೆ ಏನು? ವಾಹಿನಿಗೆ ಒಂದು ಮಂಡಳಿ ಬೇಕು, ಮಂಡಳಿಗೊಬ್ಬ ಅಧ್ಯಕ್ಷರು ಬೇಕು. ಅವರನ್ನು ಆರಿಸುವವರು ಯಾರು? ಆರಿಸಿದವರನ್ನು ‘ಇವರೇ ಏಕೆ’ ಎಂದು ಕೇಳುವವರು ಯಾರು? ಈ ಪ್ರಶ್ನೆ ಉಪವಾಸದಷ್ಟು ರೋಚಕವಲ್ಲ. ಆದರೆ ಆ ಉಪವಾಸದ ಬೆದರಿಕೆಯಿಂದ ದಕ್ಕಿದ್ದು ಉಳಿಯುತ್ತದೆಯೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೇಲ್ಸ್‌ನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ವೆಲ್ಷ್ ಆಡುತ್ತಿದ್ದರು. 1981ರ ಜನಗಣತಿಯ ಹೊತ್ತಿಗೆ ಆ ಪ್ರಮಾಣ ಶೇ. 18.9ಕ್ಕೆ ಇಳಿದಿತ್ತು. 1962ರ ಫೆಬ್ರವರಿಯಲ್ಲಿ ನಾಟಕಕಾರ ಸಾಂಡರ್ಸ್ ಲೂಯಿಸ್ ಬಿಬಿಸಿ ರೇಡಿಯೊದಲ್ಲಿ ‘ಭಾಷೆಯ ಹಣೆಬರಹ’ ಎಂಬ ಅರ್ಥದ ಶೀರ್ಷಿಕೆಯ ಉಪನ್ಯಾಸ ಕೊಟ್ಟರು. ಸಂಘಟಿತ ಹೋರಾಟವಿಲ್ಲದಿದ್ದರೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದು ಎಂಬುದು ಅದರ ಸಾರ. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. ರಸ್ತೆ ಫಲಕ, ಕೋರ್ಟು, ಅಂಚೆ ಕಚೇರಿಗಳಲ್ಲಿ ವೆಲ್ಷ್ ಬೇಕೆಂದು ಹೊರಟ ತರುಣರಿಗೆ ಬೇಗನೆ ಒಂದು ಸಂಗತಿ ಹೊಳೆಯಿತು. ಇಂಗ್ಲಿಷ್ ಈಗ ಕಚೇರಿಯ ಬಾಗಿಲಲ್ಲಷ್ಟೇ ನಿಂತಿಲ್ಲ, ಟೆಲಿವಿಷನ್ ಪೆಟ್ಟಿಗೆಯ ಮೂಲಕ ಮನೆಯ ನಡುಮನೆಗೇ ಬಂದು ಕೂತಿದೆ. ಮಕ್ಕಳು ಸಂಜೆ ಕೇಳುವ ಭಾಷೆ ಅದು.

1974ರಲ್ಲಿ ಸರ್ಕಾರದ್ದೇ ಕ್ರಾಫರ್ಡ್ ಸಮಿತಿ, ಮುಂದೆ ಬರಲಿರುವ ನಾಲ್ಕನೇ ವಾಹಿನಿಯನ್ನು ವೇಲ್ಸ್‌ನಲ್ಲಿ ವೆಲ್ಷ್ ಕಾರ್ಯಕ್ರಮಗಳಿಗೆ ಬಳಸಬೇಕೆಂದು ಶಿಫಾರಸು ಮಾಡಿತು. 1979ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷವೂ ಆ ಭರವಸೆ ಕೊಟ್ಟಿತು. ಗೆದ್ದು ಕೆಲವೇ ತಿಂಗಳಲ್ಲಿ ಗೃಹ ಮಂತ್ರಿ ವಿಲಿಯಂ ವೈಟ್‌ಲಾ ಮಾತು ತಿರುಗಿಸಿದರು. ಜನ ಟಿವಿ ಲೈಸೆನ್ಸ್ ಶುಲ್ಕ ಕಟ್ಟಲು ನಿರಾಕರಿಸಿದರು. ಆ ಅಕ್ಟೋಬರಿನಲ್ಲಿ ಮೆರೆಡಿಥ್ ಇವಾನ್ಸ್, ನೆಡ್ ಥಾಮಸ್, ಪೆನ್ನಾರ್ ಡೇವಿಸ್ ಎಂಬ ಮೂವರು ಗಣ್ಯ ವಿದ್ವಾಂಸರು ಪೆನ್‌ಕಾರೆಗ್ ಪ್ರಸಾರ ಕೇಂದ್ರಕ್ಕೆ ನುಗ್ಗಿ ಪ್ರಸಾರವನ್ನು ನಿಲ್ಲಿಸಿದರು. ಪಾಠ ಹೇಳುವ ವಯಸ್ಕರೇ ಕಾನೂನು ಮುರಿದದ್ದು ವೇಲ್ಸ್ ಮರೆಯದ ಘಟನೆ.

ಕೊನೆಗೆ ಸರ್ಕಾರದ ಮನಸ್ಸು ತಿರುಗಿಸಲು ಮೂವರ ನಿಯೋಗವೊಂದು ಲಂಡನ್ನಿಗೆ ಹೋಯಿತು. ವೇಲ್ಸ್‌ನ ಆರ್ಚ್‌ಬಿಷಪ್ ವಿಲಿಯಮ್ಸ್, ಹಿಂದೆ ವೇಲ್ಸ್ ಮಂತ್ರಿಯಾಗಿದ್ದ ಲಾರ್ಡ್ ಕ್ಲೆಡ್ವಿನ್, ಹಿರಿಯ ಆಡಳಿತಗಾರ ಸರ್ ಗೊರೊನ್ವಿ ಡೇನಿಯಲ್. ಇವರು ವೈಟ್‌ಲಾ ಅವರನ್ನು ಕಂಡು ವಾರ ಕಳೆಯುವಷ್ಟರಲ್ಲಿ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು, ಚಾನೆಲ್ 4ಕ್ಕಿಂತ ಒಂದು ದಿನ ಮೊದಲು, ಎಸ್‌4ಸಿ ಪ್ರಸಾರ ಆರಂಭಿಸಿತು. ವಾರಕ್ಕೆ ಸುಮಾರು 22 ಗಂಟೆ ವೆಲ್ಷ್, ಉಳಿದ ಹೊತ್ತು ಚಾನೆಲ್ 4ರ ಇಂಗ್ಲಿಷ್ ಕಾರ್ಯಕ್ರಮಗಳು.

ಇಲ್ಲಿ ನನ್ನ ಕಣ್ಣು ನಿಲ್ಲುವುದು ಮೂರನೆಯ ಹೆಸರಿನ ಮೇಲೆ. ಎಸ್‌4ಸಿ ಪ್ರಾಧಿಕಾರದ ಮೊದಲ ಅಧ್ಯಕ್ಷರಾದದ್ದು ಇದೇ ಗೊರೊನ್ವಿ ಡೇನಿಯಲ್. ವೇಲ್ಸ್ ಆಡಳಿತ ಕಚೇರಿಯ ಮುಖ್ಯಸ್ಥರೂ ಅಬೆರಿಸ್ಟ್ವಿತ್ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಅವರನ್ನು ಎರಡೂ ಕಡೆಯವರು ನಂಬುತ್ತಿದ್ದರು. ಆಯ್ಕೆ ಒಳ್ಳೆಯದೇ. ಆದರೆ ಅದು ಆದದ್ದು ಮುಚ್ಚಿದ ಕೋಣೆಯಲ್ಲಿ. ಯಾವ ಸಂಸದರೂ ಅವರನ್ನು ಎದುರಿಗೆ ಕೂರಿಸಿ ಬಹಿರಂಗವಾಗಿ ಪ್ರಶ್ನಿಸಲಿಲ್ಲ, ಏಕೆಂದರೆ ಆಗ ಅಂಥ ಪದ್ಧತಿಯೇ ಇರಲಿಲ್ಲ. ಬೀದಿಯಲ್ಲಿ ಗೆದ್ದ ವಾಹಿನಿಯ ಕೀಲಿಕೈ ಮಂತ್ರಿಯ ಜೇಬಿನಲ್ಲಿ ಉಳಿಯಿತು.

ಆ ಕೀಲಿಕೈ ಇಂದಿಗೂ ಅಲ್ಲೇ ಇದೆ. ಅಧ್ಯಕ್ಷರನ್ನು ನೇಮಿಸುವವರು ಲಂಡನ್ನಿನ ಸಂಸ್ಕೃತಿ, ಮಾಧ್ಯಮ ಇಲಾಖೆಯ ಮಂತ್ರಿ. ಬದಲಾದದ್ದು ಕ್ರಮ. 1995ರಲ್ಲಿ ಸಾರ್ವಜನಿಕ ನೇಮಕಾತಿಗಳ ಮೇಲೆ ಕಣ್ಣಿಡಲು ಆಯುಕ್ತರೊಬ್ಬರು ಬಂದರು. ಜಾಹೀರಾತು, ಆಯ್ಕೆ ಸಮಿತಿ, ಸಂದರ್ಶನ ರೂಢಿಯಾದವು. 2007ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರ, ಕೆಲವು ಮುಖ್ಯ ಹುದ್ದೆಗಳಿಗೆ ಆರಿಸಿದವರು ಅಧಿಕಾರ ವಹಿಸಿಕೊಳ್ಳುವ ಮುನ್ನ ಸಂಸದೀಯ ಸಮಿತಿಯ ಎದುರು ಬರಬೇಕೆಂದು ಸೂಚಿಸಿತು. ಮರುವರ್ಷದಿಂದ ಅದು ಜಾರಿಗೆ ಬಂತು. ಇದೇ ‘ನೇಮಕ ಪೂರ್ವ ವಿಚಾರಣೆ’. ವಿಚಾರಣೆ ಎಂದೊಡನೆ ಕಟಕಟೆ ನೆನಪಾಗಬೇಕಿಲ್ಲ. ಕುದುರೆ ಲಾಳದಾಕಾರದ ಮೇಜಿನ ಸುತ್ತ ಎಲ್ಲ ಪಕ್ಷಗಳ ಸಂಸದರು, ಎದುರಿಗೆ ಒಂಟಿಯಾಗಿ ಅಭ್ಯರ್ಥಿ, ಒಂದೊಂದೂವರೆ ಗಂಟೆಯ ಪ್ರಶ್ನೋತ್ತರ, ಎಲ್ಲವೂ ದಾಖಲೆಗೆ. ಸಮಿತಿ ಅಳೆಯಬೇಕಾದದ್ದು ಎರಡನ್ನು: ಕೆಲಸದ ಅರ್ಹತೆ ಮತ್ತು ವ್ಯಕ್ತಿಯ ಸ್ವಾತಂತ್ರ್ಯ. ನಂತರ ಅದು ತನ್ನ ಅಭಿಪ್ರಾಯವನ್ನು ವರದಿಯಾಗಿ ಪ್ರಕಟಿಸುತ್ತದೆ. ಎಸ್‌4ಸಿ ಅಧ್ಯಕ್ಷರ ವಿಷಯದಲ್ಲಿ ಈ ಕೆಲಸದಲ್ಲಿ ಮುಖ್ಯ ಪಾತ್ರ ವೇಲ್ಸ್ ವ್ಯವಹಾರಗಳ ಸಮಿತಿಯದು.

ಆದರೆ ಒಂದು ತೊಡಕಿದೆ. ಸಮಿತಿ ‘ಬೇಡ’ ಎಂದರೂ ಮಂತ್ರಿ ‘ಬೇಕು’ ಎನ್ನಬಹುದು. ಇದು ಬರೀ ತರ್ಕವಲ್ಲ, ನಡೆದದ್ದು. 2009ರಲ್ಲಿ ಇಂಗ್ಲೆಂಡಿನ ಮಕ್ಕಳ ಆಯುಕ್ತರ ಹುದ್ದೆಗೆ ಸೂಚಿಸಿದ ಮ್ಯಾಗಿ ಅಟ್ಕಿನ್ಸನ್ ಅವರನ್ನು ಸಮಿತಿ ಒಪ್ಪಲಿಲ್ಲ. ಮಂತ್ರಿ ಎಡ್ ಬಾಲ್ಸ್ ನೇಮಿಸಿಯೇ ಬಿಟ್ಟರು. 2016ರಲ್ಲಿ ಶಾಲಾ ತಪಾಸಣಾ ಸಂಸ್ಥೆಯ ಮುಖ್ಯಸ್ಥೆಯ ವಿಷಯದಲ್ಲೂ 2018ರಲ್ಲಿ ಧರ್ಮಾರ್ಥ ಸಂಸ್ಥೆಗಳ ಆಯೋಗದ ಅಧ್ಯಕ್ಷೆಯ ವಿಷಯದಲ್ಲೂ ಹೀಗೇ ಆಯಿತು. ಹಾಗಾದರೆ ಈ ವಿಚಾರಣೆ ಬರೀ ಶಾಸ್ತ್ರವೇ? ಮುಹೂರ್ತ ಗೊತ್ತಾದ ಮೇಲೆ ಜಾತಕ ನೋಡಿದಂತೆಯೇ?

ಇದಕ್ಕೆ ಉತ್ತರ ಹುಡುಕಲು, ಅಧ್ಯಕ್ಷರ ಹುದ್ದೆ ನಿಜಕ್ಕೂ ಮುಖ್ಯವಾದ ಗಳಿಗೆಯೊಂದನ್ನು ನೋಡಬೇಕು. ಅದು 2010ರ ಅಕ್ಟೋಬರ್. ಆವರೆಗೆ ಎಸ್‌4ಸಿಗೆ ವರ್ಷಕ್ಕೆ ಸುಮಾರು 10 ಕೋಟಿ ಪೌಂಡ್ ಸರ್ಕಾರದ ಖಜಾನೆಯಿಂದ ನೇರವಾಗಿ ಬರುತ್ತಿತ್ತು; ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸಬೇಕೆಂಬುದು ಕಾನೂನಿನಲ್ಲೇ ಇತ್ತು. ಖರ್ಚು ಕಡಿತದ ಹೆಸರಿನಲ್ಲಿ ಹೊಸ ಸಮ್ಮಿಶ್ರ ಸರ್ಕಾರ ಆ ವ್ಯವಸ್ಥೆಯನ್ನು ಮುರಿದು, ಹಣದ ಬಹುಪಾಲನ್ನು 2013ರಿಂದ ಬಿಬಿಸಿಯ ಲೈಸೆನ್ಸ್ ಶುಲ್ಕದಿಂದ ಕೊಡುವುದೆಂದು ಘೋಷಿಸಿತು. ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಡಿತ. ಒಪ್ಪಂದ ನಡೆದದ್ದು ಸರ್ಕಾರ ಮತ್ತು ಬಿಬಿಸಿ ನಡುವೆ. ಯಾರ ಬಗ್ಗೆ ಮಾತುಕತೆಯೋ ಅವರಿಗೆ ಆ ಮೇಜಿನಲ್ಲಿ ಜಾಗವಿರಲಿಲ್ಲ. ಅದೇ ವರ್ಷ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕಿ ಹುದ್ದೆಯಿಂದ ಹೊರಬಿದ್ದಿದ್ದರು, ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಜಾನ್ ವಾಲ್ಟರ್ ಜೋನ್ಸ್ ಅವರೂ ಹೋದರು. ಮನೆಗೆ ಕಷ್ಟ ಬಂದಾಗ ಹಿರಿಯರೇ ಇಲ್ಲದ ಸ್ಥಿತಿ. ಉಪವಾಸದ ಬೆದರಿಕೆಗೆ ಮಣಿದು ಕೊಟ್ಟದ್ದನ್ನು ಮೂವತ್ತು ವರ್ಷದ ನಂತರ ಲೆಕ್ಕಪತ್ರದ ಒಂದು ಸಾಲಿನಿಂದ ತಿದ್ದಬಹುದಾಗಿತ್ತು.

2011ರಲ್ಲಿ ಸಂಸದರ ಎದುರು ಬಂದು ಕುಳಿತವರು ಹ್ಯೂ ಜೋನ್ಸ್. ವೆಲ್ಷ್ ಕೇಳುಗರಿಗೆ ಅವರು ಮೊದಲು ಪರಿಚಯವಾದದ್ದು ಹಾಡುಗಾರನಾಗಿ. ಲಿವರ್‌ಪೂಲ್ ನಗರದ ನೀರಿಗಾಗಿ ಟ್ರವೇರಿನ್ ಕಣಿವೆಯ ಕಪೆಲ್ ಕೆಲಿನ್ ಎಂಬ ವೆಲ್ಷ್ ಹಳ್ಳಿಯನ್ನು 1965ರಲ್ಲಿ ಮುಳುಗಿಸಿದ್ದರು. ಆ ಮುಳುಗಡೆಯ ನೆನಪಿನ ‘ದೂರ್’, ಎಂದರೆ ‘ನೀರು’, ಹ್ಯೂ ಜೋನ್ಸ್ ಹಾಡಿದ್ದು. 1969ರಲ್ಲಿ ಅವರೂ ಗೆಳೆಯರೂ ಕಟ್ಟಿದ ‘ಸೈನ್’ ಧ್ವನಿಮುದ್ರಣ ಸಂಸ್ಥೆಯ ಮೊದಲ ತಟ್ಟೆ ಅದೇ. ಮುಂದೆ ಅವರು ಎಸ್‌4ಸಿಯ ಮುಖ್ಯ ಕಾರ್ಯನಿರ್ವಾಹಕರಾಗಿಯೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದರು. ಅವರ ನಂತರ 2020ರಲ್ಲಿ ಅದೇ ಕುರ್ಚಿಗೆ ಹೆಸರಿಸಲ್ಪಟ್ಟ ರೋಡ್ರಿ ವಿಲಿಯಮ್ಸ್, 1970ರ ದಶಕದ ಕೊನೆಯಲ್ಲಿ ವೆಲ್ಷ್ ಭಾಷಾ ಸಂಘದ ಅಧ್ಯಕ್ಷರಾಗಿದ್ದವರು. ಆಮೇಲೆ ವೆಲ್ಷ್ ಭಾಷಾ ಮಂಡಳಿಯನ್ನೂ ಪ್ರಸಾರ ನಿಯಂತ್ರಣ ಸಂಸ್ಥೆಯ ವೇಲ್ಸ್ ಕಚೇರಿಯನ್ನೂ ನಡೆಸಿದವರು. ಒಂದು ಕಾಲಕ್ಕೆ ಸರ್ಕಾರದ ಎದುರು ಧ್ವಜ ಹಿಡಿದ ಚಳವಳಿಯ ಹುಡುಗರು, ತಲೆ ನರೆತ ಮೇಲೆ ಅದೇ ಸರ್ಕಾರದ ಆಯ್ಕೆಯಾಗಿ ಸಂಸತ್ತಿಗೆ ಬಂದು ಉತ್ತರ ಹೇಳಿದರು.

ಇದನ್ನು ಚಳವಳಿಯ ಗೆಲುವು ಎನ್ನಬಹುದು, ಚಳವಳಿ ವ್ಯವಸ್ಥೆಯೊಳಗೆ ಕರಗಿತು ಎಂದೂ ಹೇಳಬಹುದು. ನನಗೆ ಮುಖ್ಯವೆನಿಸುವುದು ಬೇರೆ. ‘ಸ್ವಾತಂತ್ರ್ಯ’ ಎಂಬ ಮಾತಿಗೆ ಈ ಕುರ್ಚಿಯಲ್ಲಿ ಹಲವು ಅರ್ಥಗಳಿವೆ. ನೇಮಿಸಿದ ಮಂತ್ರಿಯಿಂದ ಸ್ವಾತಂತ್ರ್ಯ, ಹಣ ಹಂಚಿಕೊಳ್ಳುವ ಬಿಬಿಸಿಯಿಂದ ಸ್ವಾತಂತ್ರ್ಯ, ರಾಜಕೀಯ ಪಕ್ಷಗಳಿಂದ ಸ್ವಾತಂತ್ರ್ಯ, ಕೊನೆಗೆ ತಮ್ಮದೇ ಹಳೆಯ ಸಂಗಾತಿಗಳಿಂದಲೂ ಸ್ವಾತಂತ್ರ್ಯ. ವೆಲ್ಷ್ ಆಡುವವರ ಜಗತ್ತು ಚಿಕ್ಕದು. 2021ರ ಜನಗಣತಿಯಂತೆ 5,38,000 ಮಂದಿ, ಶೇ. 17.8. ಅಂಥಲ್ಲಿ ನಿರ್ಮಾಪಕ, ವಿಮರ್ಶಕ, ಅಧಿಕಾರಿ, ಹೋರಾಟಗಾರ ಎಲ್ಲರೂ ಒಬ್ಬರಿಗೊಬ್ಬರು ಪರಿಚಿತರೇ. ಪರಿಚಯವಿರುವ ಕಡೆ ಕಠಿಣ ಪ್ರಶ್ನೆ ಕೇಳುವುದು ಯಾರಿಗೂ ಸುಲಭವಲ್ಲ. ಆ ಮುಜುಗರವನ್ನು ಎಲ್ಲರ ಪರವಾಗಿ ಯಾರಾದರೂ ಹೊರಬೇಕು. ವಿಚಾರಣೆಯ ನಿಜವಾದ ಉಪಯೋಗ ಅದು.

ಅದು ಬೇಕೇಬೇಕು ಎಂಬುದಕ್ಕೆ 2023 ಸಾಕ್ಷಿ. ಸಂಸ್ಥೆಯೊಳಗಿನ ವಾತಾವರಣ ಬೆದರಿಸುವಂಥದ್ದು ಎಂಬ ದೂರುಗಳ ಮೇಲೆ ಕಾನೂನು ಸಂಸ್ಥೆಯೊಂದು ತನಿಖೆ ನಡೆಸಿತು, ಮುಖ್ಯ ಕಾರ್ಯನಿರ್ವಾಹಕಿಯನ್ನು ಮಂಡಳಿ ಹುದ್ದೆಯಿಂದ ತೆಗೆಯಿತು. ಮರುವರ್ಷ ವಿಲಿಯಮ್ಸ್ ಅವರ ಅವಧಿ ಮುಗಿದು, ಮಾಜಿ ಕನ್ಸರ್ವೇಟಿವ್ ಸಂಸದ ಗಿಟೊ ಬೆಬ್ ಹಂಗಾಮಿಯಾಗಿ ಬಂದರು. 2025ರಲ್ಲಿ ಲೇಬರ್ ಸರ್ಕಾರ ಹೆಸರಿಸಿದ್ದು ಡೆಲಿತ್ ಇವಾನ್ಸ್ ಅವರನ್ನು. ಹಿಂದೆ ಪತ್ರಕರ್ತೆ, ವೇಲ್ಸ್ ಶಾಸನಸಭೆಯಲ್ಲಿ ಲೇಬರ್ ಸದಸ್ಯೆಯೂ ಆಗಿದ್ದವರು. ಒಂದರ ಬೆನ್ನಿಗೆ ಒಂದು ಪಕ್ಷದ ಮಾಜಿ ಪ್ರತಿನಿಧಿಗಳು ಬಂದಾಗ ಸ್ವಾತಂತ್ರ್ಯದ ಪ್ರಶ್ನೆ ಏಳುವುದು ಸಹಜ. ಹಾಗೆ ಏಳುವುದರಿಂದ ಯಾರಿಗೂ ಅವಮಾನವಿಲ್ಲ. ಕೇಳದೆ ಬಿಟ್ಟರೆ ಅನುಮಾನ ಊರ ಬಾಯಲ್ಲಿ ಬೆಳೆಯುತ್ತದೆ. ಕೇಳಿದರೆ ಅಭ್ಯರ್ಥಿಯ ಉತ್ತರ ಅವರದೇ ಮಾತಿನಲ್ಲಿ ದಾಖಲೆಯಾಗಿ ಉಳಿಯುತ್ತದೆ. ನಾಳೆ ಸರ್ಕಾರ ಮತ್ತೆ ಹಣಕ್ಕೆ ಕೈಹಾಕಿದರೆ, ‘ನೀವು ಅಂದು ಹೀಗೆ ಹೇಳಿದ್ದಿರಿ’ ಎಂದು ಯಾವ ವೀಕ್ಷಕರಾದರೂ ನೆನಪಿಸಬಹುದು. ತಡೆಯುವ ಅಧಿಕಾರ ಸಮಿತಿಗೆ ಇಲ್ಲದಿರಬಹುದು. ನೆನಪಿಡುವ ಅಧಿಕಾರ ಜನರಿಗೆ ಸಿಗುತ್ತದೆ.

ಇಷ್ಟು ಹೇಳಿಯೂ ಒಂದು ಮುಳ್ಳು ಉಳಿಯುತ್ತದೆ. 1999ರಿಂದ ವೇಲ್ಸ್‌ಗೆ ಕಾರ್ಡಿಫ್‌ನಲ್ಲಿ ತನ್ನದೇ ಶಾಸನಸಭೆಯಿದೆ. ಶಿಕ್ಷಣ, ಸಂಸ್ಕೃತಿ, ವೆಲ್ಷ್ ಭಾಷೆ ಅದರ ಹೊಣೆ. 2050ರೊಳಗೆ ಹತ್ತು ಲಕ್ಷ ವೆಲ್ಷ್ ಭಾಷಿಕರು ಇರಬೇಕೆಂಬ ಗುರಿ ಇಟ್ಟುಕೊಂಡಿರುವುದು ಅಲ್ಲಿನ ಸರ್ಕಾರ. ಪ್ರಸಾರದ ಅಧಿಕಾರ ಮಾತ್ರ ಲಂಡನ್ನಿನಲ್ಲೇ ಇದೆ. ಶಾಲೆಯಲ್ಲಿ ಭಾಷೆ ಕಲಿಸುವವರು ಒಂದು ಊರಿನವರು, ಸಂಜೆ ಅದೇ ಮಗುವಿನೊಡನೆ ಅದೇ ಭಾಷೆಯಲ್ಲಿ ಮಾತಾಡುವ ವಾಹಿನಿಗೆ ಅಧ್ಯಕ್ಷರನ್ನು ಆರಿಸುವವರು ಇನ್ನೊಂದು ಊರಿನವರು. ಅಧ್ಯಕ್ಷರನ್ನು ಪ್ರಶ್ನಿಸುವ ಸಂಸತ್ತಿನ ವ್ಯವಹಾರ ಭಾಷೆ ಇಂಗ್ಲಿಷ್. ವೇಲ್ಸ್‌ನ ಸಂಸದರೆಲ್ಲ ಸೇರುವ ಮಹಾಸಮಿತಿ ವೆಸ್ಟ್‌ಮಿನ್ಸ್ಟರ್‌ನಲ್ಲಿ ಸಭೆ ಸೇರಿದಾಗ ವೆಲ್ಷ್ ಮಾತಾಡಬಹುದೆಂದು ಒಪ್ಪಿಗೆ ಸಿಕ್ಕಿದ್ದೇ 2017ರಲ್ಲಿ. ಮರುವರ್ಷ ಅಲ್ಲಿ ಮೊದಲ ಬಾರಿಗೆ ಆ ಭಾಷೆ ಅಧಿಕೃತವಾಗಿ ಕೇಳಿಸಿತು.

ಭಾಷೆಗೆ ಸಂಸ್ಥೆ ಸಿಕ್ಕರೆ ಹೋರಾಟ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ವೇಲ್ಸ್‌ನ ಕಥೆ ಹೇಳುವುದು, ಅಲ್ಲಿಂದ ಮುಂದಿನ ಕೆಲಸ ಸದ್ದಿಲ್ಲದ್ದು, ಬೇಸರ ತರಿಸುವಂಥದ್ದು: ನಡಾವಳಿ ಓದುವುದು, ಬಜೆಟ್ಟಿನ ಸಾಲು ಗಮನಿಸುವುದು, ಕುರ್ಚಿಗೆ ಬರುವವರನ್ನು ಕೂರುವ ಮುನ್ನವೇ ಕೇಳುವುದು. ಗ್ವಿನ್ವೋರ್ ಇವಾನ್ಸ್ ಪ್ರಾಣ ಪಣಕ್ಕಿಟ್ಟದ್ದು ಒಂದು ಬಾರಿ. ಈ ಪ್ರಶ್ನೆಗಳನ್ನು ಮಾತ್ರ ಪ್ರತಿ ಹೊಸ ಅಧ್ಯಕ್ಷರಿಗೂ ಮೊದಲಿನಿಂದ ಕೇಳಬೇಕಾಗುತ್ತದೆ.