ಹಗುರ ವಿಮಾನ ಏರಿದ ಎತ್ತರ

2003ರಲ್ಲಿ ಅಮೆರಿಕದ ಟೆಕ್ಸಾಸ್‌ನ ಬ್ರೂಸ್ ಬೊಹಾನನ್ ಒಂದೇ ಪ್ರೊಪೆಲರಿನ ಪುಟ್ಟ ವಿಮಾನವನ್ನು 47,067 ಅಡಿ ಎತ್ತರಕ್ಕೆ ಏರಿಸಿದರು. ಪ್ರಯಾಣಿಕರ ಜೆಟ್‌ಗಳು ಸಾಮಾನ್ಯವಾಗಿ ಹಾರುವುದು 35ರಿಂದ 40 ಸಾವಿರ ಅಡಿಯಲ್ಲಿ. ಏರುವ ವೇಗ ಮತ್ತು ಎತ್ತರದ ದಾಖಲೆಗಳಿಗೆಂದೇ ಕಟ್ಟಿದ ಈ ‘ಬೊಹಾನನ್ ಬಿ-1’ ಯಾವ ದೊಡ್ಡ ಕಾರ್ಖಾನೆಯಿಂದಲೂ ಬಂದದ್ದಲ್ಲ. ಹವ್ಯಾಸಿಗಳು ಗ್ಯಾರೇಜಿನಲ್ಲಿ ತಾವೇ ಕಟ್ಟಿಕೊಳ್ಳಲೆಂದು ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ರೂಪಿಸಿದ, ಎರಡು ಸೀಟಿನ ಆರ್‌ವಿ-4 ಅದರ ಮೂಲ. ಇಂಥ ದಾಖಲೆಯನ್ನು ಪೈಲಟ್‌ನ ಎದೆಗಾರಿಕೆಯ ಲೆಕ್ಕಕ್ಕೆ ಬರೆದು ಮುಗಿಸುವುದುಂಟು. ಒತ್ತಡ ಕಾಪಾಡುವ ಕ್ಯಾಬಿನ್ ಇಲ್ಲದೆ ಅಷ್ಟು ಮೇಲೇರಲು ಎದೆಗಾರಿಕೆ ಬೇಕೇ ಬೇಕು. ಆದರೂ ಈ ಎತ್ತರದ ನಿಜವಾದ ಆಧಾರ, ಕಟ್ಟುವವನ ಕೈಗೆ ಬದಲಾವಣೆಯ ಅಧಿಕಾರ ಕೊಟ್ಟ ಸಂಪ್ರದಾಯ ಎಂಬುದು ನನ್ನ ವಾದ.

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. 47 ಸಾವಿರ ಅಡಿಯಲ್ಲಿ ಅದರ ಒತ್ತಡ ಸಮುದ್ರಮಟ್ಟದ ಏಳನೇ ಒಂದು ಪಾಲಿಗಿಂತ ಕಡಿಮೆ. ಸಾಮಾನ್ಯ ಪಿಸ್ಟನ್ ಎಂಜಿನ್ ಅಲ್ಲಿ ಉಸಿರುಗಟ್ಟುತ್ತದೆ. ಹಾಗಾಗಿ ಆರ್‌ವಿ-4ರ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಬದಲಾಗಿ ಆರು ಸಿಲಿಂಡರಿನ ಲೈಕಮಿಂಗ್ ಬಂತು, ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಬಂತು. ಕಾರ್ಖಾನೆಯ ಪ್ರಮಾಣಿತ ವಿಮಾನದಲ್ಲಿ ಇಂಥ ಬದಲಾವಣೆಗಳಿಗೆಲ್ಲ ಮೊದಲು ಅನುಮೋದನೆ ಬೇಕು. ಅಮೆರಿಕದ ಪ್ರಾಯೋಗಿಕ ವರ್ಗದಲ್ಲಾದರೋ ಕಟ್ಟಿದವನೇ ಬದಲಿಸಿ, ಹಾರಿಸಿ, ತಪ್ಪು ಕಂಡರೆ ಮತ್ತೆ ತಿದ್ದಬಹುದು. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಪ್ರಾಯೋಗಿಕ ವಿಮಾನಗಳ ಸಂಘ ಈ ಸ್ವಾತಂತ್ರ್ಯವನ್ನು ದಶಕಗಳ ಕಾಲ ಕಾಯ್ದು ಬೆಳೆಸಿತ್ತು.

ಇಟಲಿಯ ಮಾರಿಯೊ ಪೆಜ್ಜಿ 1938ರಲ್ಲೇ ಪಿಸ್ಟನ್ ಎಂಜಿನ್ನಿನ ಕಪ್ರೋನಿ ವಿಮಾನದಲ್ಲಿ 17,083 ಮೀಟರ್ ಏರಿದ್ದರು. ಬೊಹಾನನ್ ಮುಟ್ಟಿದ್ದು ಸುಮಾರು 14,300 ಮೀಟರ್, ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಪೆಜ್ಜಿಯ ಬೆನ್ನಿಗೆ ಒಂದು ದೇಶದ ವಾಯುಪಡೆಯೇ ಇತ್ತು, ವಿಮಾನವೂ ಬಹಳ ದೊಡ್ಡದು. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವಂತೆ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವೂ ತೂಕದ ಪ್ರಕಾರ ವರ್ಗ ಮಾಡಿದೆ. ಬಿ-1 ಸ್ಪರ್ಧಿಸಿದ್ದು 500ರಿಂದ 1,000 ಕಿಲೋ ತೂಕದ ವರ್ಗದಲ್ಲಿ. ಹಗುರ ವಿಮಾನದ ಮಿತಿಯನ್ನು ಅಳೆಯಲು ಹಗುರ ವಿಮಾನವೇ ಬೇಕು. ಎಕ್ಸಾನ್ ತೈಲ ಕಂಪನಿಯ ಪ್ರಾಯೋಜಕತ್ವ ಇದ್ದುದರಿಂದ ಇದು ಹವ್ಯಾಸಿಗಳ ಸಾಧನೆಯಲ್ಲ ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚು ತೂಕವಿದೆ. ಹಣವಿಲ್ಲದೆ ಅಂಥ ಎಂಜಿನ್ ಸಿದ್ಧವಾಗುತ್ತಿರಲಿಲ್ಲ. ಆದರೆ ಆ ಎಂಜಿನ್ ಹೊರಬಲ್ಲ ಹಗುರ ರಚನೆ ಗ್ಯಾರೇಜುಗಳಲ್ಲಿ ಆಗಲೇ ಪಳಗಿತ್ತು. ಹಣ ಬಂದು ಸೇರಿದ್ದು ಅದರ ಮೇಲೆ. ಸುರಕ್ಷತೆಯ ನಿಯಮ ಬರೆಯುವವರು ಪ್ರಯೋಗಕ್ಕೂ ಒಂದು ಬಾಗಿಲು ತೆರೆದಿಡಬೇಕು ಎನ್ನುವುದಕ್ಕೆ ಬಿ-1 ಗಟ್ಟಿ ಪುರಾವೆ.