ಧ್ವನಿಯನ್ನೇ ತಂದೆಯೆಂದು ತಿಳಿದವನು



ಅಮೆರಿಕದ ಚರಿತ್ರೆಯನ್ನು ಪಾಠ ಹೇಳುವಾಗ, 1865ರಲ್ಲಿ ಗುಲಾಮಗಿರಿ ರದ್ದಾಯಿತೆಂದು ನುಡಿದು ನಾನು ಪುಸ್ತಕ ಮುಚ್ಚುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಪಾಠ ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ನಿವೃತ್ತಿಯ ನಂತರ ನನಗೆ ಮನಗಾಣಿಸಿದ್ದು ಹಾಡುಗಳ ಒಂದು ಆಲ್ಬಂ. ಜಾಝ್ ಗಾಯಕ ಗ್ರೆಗರಿ ಪೋರ್ಟರ್ 2017ರ ಅಕ್ಟೋಬರ್‌ನಲ್ಲಿ ಹೊರತಂದ ಅದರ ಹೆಸರು ‘ನ್ಯಾಟ್ ಕಿಂಗ್ ಕೋಲ್ ಅಂಡ್ ಮಿ’.

ನ್ಯಾಟ್ ಕಿಂಗ್ ಕೋಲ್ 1919ರಲ್ಲಿ ಅಲಬಾಮಾ ರಾಜ್ಯದ ಮಾಂಟ್ಗಮರಿಯಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೆಳೆದವರು. ತಂದೆ ಚರ್ಚಿನ ಪಾದ್ರಿ. ತಾಯಿ ಅಲ್ಲಿಯೇ ಆರ್ಗನ್ ನುಡಿಸುತ್ತಿದ್ದರು. ಮೊದಲು ಪ್ರಸಿದ್ಧರಾದದ್ದು ಪಿಯಾನೋ ವಾದಕರಾಗಿ. ಪಿಯಾನೋ, ಗಿಟಾರ್, ಬಾಸ್ ಎಂಬ ಮೂರೇ ವಾದ್ಯಗಳ, ಡ್ರಮ್ ಇಲ್ಲದ ಅವರ ಪುಟ್ಟ ತಂಡ ಹೊಸ ಮಾದರಿಯನ್ನೇ ಹಾಕಿಕೊಟ್ಟಿತು. ಬಳಿಕ ಲೋಕವನ್ನು ಗೆದ್ದದ್ದು ಅವರ ಕಂಠ. ಮೈಕು ಬರುವ ಮುನ್ನ ಗಾಯಕರು ಸಭೆಯ ಕೊನೆಯ ಸಾಲಿಗೆ ಕೇಳುವಂತೆ ಕಂಠವೆತ್ತಿ ಹಾಡಬೇಕಿತ್ತು. ಮೈಕು ಬಂದ ಮೇಲೆ ಕಿವಿಯ ಬಳಿ ಕುಳಿತು ಮಾತನಾಡುವಂತೆ ಹಾಡುವುದು ಸಾಧ್ಯವಾಯಿತು. ಹಾಗೆ ಹಾಡುವವರನ್ನು ‘ಕ್ರೂನರ್’ ಎಂದು ಕರೆದರು. ಆ ಪಂಕ್ತಿಯಲ್ಲಿ ಕೋಲ್ ಅವರದು ಅಗ್ರಸ್ಥಾನ.

ಆದರೆ ಆ ಮೃದು ಕಂಠಕ್ಕೆ ದೊರೆತ ಆದರ ಅದರ ಒಡೆಯನಿಗೆ ದೊರೆಯಲಿಲ್ಲ. 1948ರಲ್ಲಿ ಲಾಸ್ ಏಂಜಲೀಸ್‌ನ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ನೆರೆಯವರು ಪ್ರತಿಭಟಿಸಿದರು. 1956ರ ಏಪ್ರಿಲ್ 10ರಂದು, ತಾವು ಹುಟ್ಟಿದ ಅದೇ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಬಿಳಿಯ ಪ್ರೇಕ್ಷಕರೆದುರು ಹಾಡುತ್ತಿದ್ದಾಗ ವರ್ಣದ್ವೇಷಿಗಳು ವೇದಿಕೆಗೆ ನುಗ್ಗಿ ಅವರನ್ನು ಕೆಡವಿದರು. ಆಗ ಮಾಂಟ್ಗಮರಿಯಲ್ಲಿ ಕರಿಯರ ಬಸ್ ಬಹಿಷ್ಕಾರ ನಡೆಯುತ್ತಿತ್ತೆಂಬುದನ್ನು ಗಮನಿಸಿ. ಬಿಳಿಯರಿಗೇ ಮೀಸಲಾದ ಸಭೆಯಲ್ಲಿ ಹಾಡಿದಿರೇಕೆ ಎಂದು ಸ್ವಜನರೂ ಅವರನ್ನು ಕಟುವಾಗಿ ಟೀಕಿಸಿದರು. ಅದೇ ನವೆಂಬರ್‌ನಲ್ಲಿ ಎನ್‌ಬಿಸಿ ದೂರದರ್ಶನದಲ್ಲಿ ಆರಂಭವಾದ ಅವರ ಕಾರ್ಯಕ್ರಮಕ್ಕೆ ರಾಷ್ಟ್ರಮಟ್ಟದ ಪ್ರಾಯೋಜಕರು ಸಿಗಲಿಲ್ಲ. 1957ರ ಡಿಸೆಂಬರ್‌ನಲ್ಲಿ ಅದು ನಿಂತಿತು. 1965ರಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ತೀರಿಕೊಂಡರು.

ಆಗ ಮಗಳು ನ್ಯಾಟಲಿಗೆ 15 ವರ್ಷ. ಆಕೆ 1991ರಲ್ಲಿ ತಂದೆಯ ಹಾಡುಗಳನ್ನೇ ಹಾಡಿ ಒಂದು ಆಲ್ಬಂ ಹೊರತಂದರು. ತಂದೆಯ ಹಳೆಯ ಮುದ್ರಣಕ್ಕೆ ತಮ್ಮ ಕಂಠ ಜೋಡಿಸಿದ ಯುಗಳಗೀತೆಯೂ ಅದರಲ್ಲಿತ್ತು. ಅದು ಒಡಲ ಮಗಳ ಶ್ರಾದ್ಧ.

ಪೋರ್ಟರ್ ಹುಟ್ಟಿದ್ದು 1971ರಲ್ಲಿ, ಕೋಲ್ ತೀರಿಕೊಂಡು ಆರು ವರ್ಷಗಳಾದ ಮೇಲೆ. ತಂದೆ ಮನೆಯಲ್ಲಿರಲಿಲ್ಲ, ಧರ್ಮಬೋಧಕಿಯಾಗಿದ್ದ ತಾಯಿಯೇ ಮಕ್ಕಳನ್ನು ಸಾಕಿದರು. ಐದಾರು ವರ್ಷದ ಬಾಲಕ ತಾನೇ ಕಟ್ಟಿದ ಹಾಡನ್ನು ಧ್ವನಿಮುದ್ರಿಸಿ ಕೇಳಿಸಿದಾಗ, ಇದು ಕೋಲ್ ಅವರ ದನಿಯಂತಿದೆಯಲ್ಲ ಎಂದರಂತೆ ತಾಯಿ. ಹುಡುಗ ಅವರ ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆದ. ಹೊದಿಕೆಯ ಮೇಲಿನ ಚಿತ್ರವನ್ನು ನೋಡುತ್ತ, ಈತನೇ ನನ್ನ ತಂದೆ ಎಂದು ಭಾವಿಸಿದ. ಹಾಡಿನಲ್ಲಿದ್ದ ಸಮಾಧಾನವನ್ನು ತಂದೆ ತನಗೇ ಹೇಳಿದ ಬುದ್ಧಿಮಾತೆಂದು ಸ್ವೀಕರಿಸಿದ. ಮುಂದೆ, ಕ್ಯಾನ್ಸರಿನಿಂದ ಮರಣಶಯ್ಯೆಯಲ್ಲಿದ್ದ ತಾಯಿ ಹಾಡುವುದನ್ನು ಬಿಡಬೇಡವೆಂದು ಮಗನಿಗೆ ಹೇಳಿದರು.

ಏಕಲವ್ಯನಿಗೆ ಮಣ್ಣಿನ ಮೂರ್ತಿ. ಈತನಿಗೆ ಕಪ್ಪು ತಟ್ಟೆ. ಆದರೆ ಇಲ್ಲಿ ಗುರು ಹೆಬ್ಬೆರಳನ್ನು ಕೇಳಲಿಲ್ಲ.

ಲಂಡನ್ನಿನ ಎಪ್ಪತ್ತು ಮಂದಿಯ ವಾದ್ಯವೃಂದದೊಡನೆ, ವಿನ್ಸ್ ಮೆಂಡೋಜಾ ಅವರ ಸಂಯೋಜನೆಯಲ್ಲಿ ಪೋರ್ಟರ್ ಆ ಹಾಡುಗಳನ್ನು ಹಾಡಿದ್ದಾರೆ. ಕೋಲ್ ಅವರದಕ್ಕಿಂತ ಭಾರವಾದ, ಚರ್ಚಿನ ಗಾಯನದಲ್ಲಿ ಪಳಗಿದ ಕಂಠ, ಎಲ್ಲಿಯೂ ಅಣಕವಿಲ್ಲ. ನಡುವೆ ತಮ್ಮದೇ ರಚನೆಯೊಂದನ್ನೂ ಸೇರಿಸಿದ್ದಾರೆ. ಬೆಳೆದ ಮಗ ತಂದೆಯ ಪಕ್ಕದಲ್ಲಿ ಕುಳಿತು ತನ್ನದೊಂದು ಮಾತನ್ನು ಸೇರಿಸಿದಂತಿದೆ.

ಕೋಲ್ ಅವರನ್ನು ವೇದಿಕೆಯ ಮೇಲೆ ಕೆಡವಿದವರ ಹೆಸರು ಇಂದು ಯಾರಿಗೂ ಬೇಕಿಲ್ಲ. ಅವರು ಎಂದೂ ಕಾಣದ ಒಬ್ಬ ಹುಡುಗನನ್ನು ಆ ಕಂಠ ಸಾಕಿ ಬೆಳೆಸಿತು. ಇಷ್ಟನ್ನು ನಿಮಗೆ ಅಂದೇ ಹೇಳಬೇಕಿತ್ತು; ನನಗೇ ತಿಳಿದಿರಲಿಲ್ಲ. ತಡವಾಗಿಯಾದರೂ ಆ ಪಾಠದ ಉಳಿದ ಭಾಗವನ್ನು ಒಪ್ಪಿಸಿದ್ದೇನೆ.