ನೆತ್ತಿಯ ಮೇಲಿನ ಭಾರ

ಹೈದರಾಬಾದಿನಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗ ಕಲಿಯಲು ಹೋದವರನ್ನು ಮೊದಲ ದಿನವೇ ತಲೆಕೆಳಗಾಗಿ ನಿಲ್ಲಿಸುವುದಿಲ್ಲ. ನಿಂತು ಮಾಡುವ ಆಸನಗಳಲ್ಲಿ ಕಾಲು, ಭುಜ, ಬೆನ್ನು ಪಳಗಬೇಕು. ಆಮೇಲೆ ಕಂಬಳಿ, ಗೋಡೆ, ಪಕ್ಕದಲ್ಲಿ ಗುರು. ಈ ಎಚ್ಚರಿಕೆಯ ಬೇರು ಹುಡುಕುತ್ತ ಹೋದರೆ ಮೈಸೂರಿನ ಅರಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಎಚ್ಚರಿಕೆ ಅದಕ್ಕಿಂತಲೂ ಹಳೆಯದು ನಿಜ. 15ನೇ ಶತಮಾನದ ಹಠಯೋಗಪ್ರದೀಪಿಕೆ ವಿಪರೀತಕರಣಿಯ ವಿಷಯದಲ್ಲಿ ಆತುರ ಬೇಡವೆನ್ನುತ್ತದೆ. ತಲೆ ಕೆಳಗೆ, ಕಾಲು ಮೇಲೆ ಮಾಡುವುದು ಮೊದಲ ದಿನ ಒಂದು ಕ್ಷಣ ಮಾತ್ರ. ಬಳಿಕ ದಿನದಿನಕ್ಕೂ ಸ್ವಲ್ಪಸ್ವಲ್ಪ ಹೆಚ್ಚು.

ಇನ್ನು ಮೈಸೂರಿಗೆ ಬಂದರೆ, ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ 122 ಆಸನಗಳು ಚಿತ್ರಸಹಿತ ಬಂದಿವೆ. ಹಗ್ಗ ಹಿಡಿದು ಮಾಡುವ ಭಂಗಿಗಳೂ ಅದರಲ್ಲಿವೆ. ಗರಡಿಮನೆಯ ಕಸರತ್ತಿಗೂ ಯೋಗಕ್ಕೂ ಅಲ್ಲಿ ಗೋಡೆಯಿರಲಿಲ್ಲ. ಅದೇ ವಾತಾವರಣ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೂ ಉಳಿದಿತ್ತು. ಅವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ ‘ಯೋಗಮಕರಂದ’ ಕನ್ನಡದಲ್ಲೇ ಅಚ್ಚಾಯಿತು.

ಶಾಲೆಗೆ ಪಾಠದ ಜೊತೆ ಪ್ರದರ್ಶನದ ಹೊಣೆಯೂ ಇತ್ತು. ಅರಮನೆಯ ಅತಿಥಿಗಳ ಮುಂದೆ, ಊರೂರಿನ ಸಭೆಗಳಲ್ಲಿ ಹುಡುಗರು ಆಸನ ಮಾಡಿ ತೋರಿಸಬೇಕು. ಜನ ಯೋಗದತ್ತ ತಿರುಗಿದ್ದು ಈ ಪ್ರದರ್ಶನಗಳಿಂದಲೇ. ಮೈಗಳು ನಲುಗಿದ್ದೂ ಅಲ್ಲೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಕಾಯಿಲೆಗಳಲ್ಲೇ ಬೆಳೆದು, 1934ರಲ್ಲಿ ಭಾವ ಕೃಷ್ಣಮಾಚಾರ್ಯರ ಮನೆ ಸೇರಿದ ಬಿ.ಕೆ.ಎಸ್. ಅಯ್ಯಂಗಾರ್, ಅಭ್ಯಾಸವಿಲ್ಲದ ಹನುಮಾನಾಸನವನ್ನು ಸಭೆಯ ಮುಂದೆ ಮಾಡಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡದ್ದನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ.

1937ರಲ್ಲಿ ಪುಣೆಗೆ ಹೋದ ಅಯ್ಯಂಗಾರರಿಗೆ ಕಲಿಸಬೇಕಾದವರು ಮೈ ಬಾಗುವ ಹುಡುಗರಷ್ಟೇ ಆಗಿರಲಿಲ್ಲ. ನಡುವಯಸ್ಸಿನವರು, ಬೆನ್ನುನೋವಿನವರು ಬಂದರು. 1958ರಲ್ಲಿ ಬೆಲ್ಜಿಯಂನ ರಾಣಿ ಎಲಿಜಬೆತ್ ಎಂಬತ್ತು ದಾಟಿದ ವಯಸ್ಸಿನಲ್ಲಿ ಶೀರ್ಷಾಸನವೇ ಬೇಕೆಂದರು, ಅವರಿಗೂ ಕಲಿಸಿದರು. ಪ್ರದರ್ಶನಕ್ಕೆ ಪಳಗಿದ ಮೈಯೇ ಪರರ ಮೈಯನ್ನು ಕಾಯುವ ಉಪಾಯ ಹುಡುಕಿತು.

ಅವರ 1966ರ ‘ಲೈಟ್ ಆನ್ ಯೋಗ’ದಲ್ಲಿ ಶೀರ್ಷಾಸನದ ಪಾಠ ಹೀಗಿದೆ: ನಾಲ್ಕು ಮಡಿಕೆಯ ಕಂಬಳಿಯ ಮೇಲೆ ಮುಂಗೈಗಳನ್ನೂರಬೇಕು, ಮೊಣಕೈಗಳ ಅಂತರ ಭುಜಗಳ ಅಗಲವನ್ನು ಮೀರಬಾರದು, ಬೆರಳು ಹೆಣೆದು ಅಂಗೈಗಳನ್ನು ಬಟ್ಟಲಾಗಿಸಿ ತಲೆ ಇಡಬೇಕು. ನೆಲಕ್ಕೆ ತಾಗಬೇಕಾದ್ದು ನೆತ್ತಿ ಮಾತ್ರ, ಹಣೆಯಲ್ಲ, ಹಿಂದಲೆಯಲ್ಲ. ಹೊಸಬರು ಎರಡು ಗೋಡೆ ಕೂಡುವ ಮೂಲೆಯಲ್ಲಿ, ಗೋಡೆಯಿಂದ ಎರಡು ಮೂರು ಅಂಗುಲ ಬಿಟ್ಟು ತಲೆಯೂರಬೇಕು. ಒಂದೇ ಗೋಡೆಯಾದರೆ ಮೈ ಪಕ್ಕಕ್ಕೆ ವಾಲಬಹುದು. ಮೂಲೆ ಎರಡೂ ಕಡೆ ತಡೆಯುತ್ತದೆ. ರಕ್ತದೊತ್ತಡ ಏರುಪೇರಾದವರು ಇದರಿಂದ ಅಭ್ಯಾಸ ಆರಂಭಿಸಬಾರದೆಂದೂ ಪುಸ್ತಕ ಹೇಳುತ್ತದೆ.

ಆದರೆ ಮೈಭಾರವೆಲ್ಲ ತಲೆಯ ಮೇಲೇ ಇರಬೇಕು, ಮುಂಗೈ ತೋಲನಕ್ಕಷ್ಟೇ ಎಂದೂ ಅದರಲ್ಲಿದೆ. ಇಂದು ಅದೇ ಪರಂಪರೆಯ ಶಿಕ್ಷಕರು ಮುಂಗೈಯಿಂದ ನೆಲ ಒತ್ತಿ, ಭುಜ ಎತ್ತಿ, ಕತ್ತನ್ನು ಹಗುರಾಗಿಸಲು ಹೇಳುತ್ತಾರೆ. ಬರೆದದ್ದಕ್ಕೆ ಅಂಟಿಕೊಳ್ಳದೆ ಪಾಠವನ್ನು ತಿದ್ದಿದ್ದು ಈ ಪರಂಪರೆಯ ದೊಡ್ಡ ಗುಣ. ಕತ್ತು ನೋವಿದ್ದವರಿಗೆ ಗೋಡೆಗೆ ಕಟ್ಟಿದ ಹಗ್ಗದಲ್ಲಿ, ತಲೆ ನೆಲ ಮುಟ್ಟದಂತೆ ತಲೆಕೆಳಗಾಗಿ ತೂಗುವ ಉಪಾಯವೂ ಬಂತು. ‘ಶ್ರೀತತ್ತ್ವನಿಧಿ’ಯ ಚಿತ್ರಗಳನ್ನು ನೋಡಿದವರಿಗೆ ಈ ಹಗ್ಗ ಅಪರಿಚಿತವಲ್ಲ.

ಈಚಿನ ಅಳತೆಗಳೂ ತಿದ್ದುಪಡಿಯ ಕಡೆಗೇ ನಿಲ್ಲುತ್ತವೆ. ಅಮೆರಿಕದಲ್ಲಿ 45 ಅನುಭವಿ ಅಭ್ಯಾಸಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆತ್ತಿಯ ಮೇಲೆ ಬೀಳುವ ಗರಿಷ್ಠ ಒತ್ತಡ ಮೈತೂಕದ ಶೇ 40ರಿಂದ 48ರಷ್ಟು. ಕಾಲು ಚಿಮ್ಮಿ ಏರಿದರೆ ಆ ಭಾರ ತಟಕ್ಕನೆ ಬೀಳುತ್ತದೆ, ಎರಡೂ ಕಾಲನ್ನು ನೀಡಿ ನಿಧಾನವಾಗಿ ಎತ್ತಿದರೆ ಮೆಲ್ಲಗೆ. ಕೃಷ್ಣಮಾಚಾರ್ಯರು ಕೊನೆಯ ದಶಕಗಳನ್ನು ಕಳೆದ ಚೆನ್ನೈಯಲ್ಲಿ 75 ಅಭ್ಯಾಸಿಗಳ ಕಣ್ಣು ಪರೀಕ್ಷಿಸಿದ ವೈದ್ಯರು, ಶೀರ್ಷಾಸನದಲ್ಲಿ ಕಣ್ಣೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುವುದನ್ನು 2006ರಲ್ಲಿ ವರದಿ ಮಾಡಿದರು. ಗ್ಲಾಕೋಮಾ ಇದ್ದವರಿಗೆ ಈ ಆಸನ ಬೇಡವೆಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ.